ಕಾಪು ಕಡಲ ಕಿನಾರೆಯಲ್ಲಿ ಬರಿಗಾಲ ಓಟ

ಉಡುಪಿಯಿಂದ ಮಂಗಳೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಕಟಪಾಡಿ ದಾಟಿದ ಮೇಲೆ ಕಾಪು ಪೇಟೆ ಸಿಗುತ್ತದೆ. ಹೆದ್ದಾರಿಯಲ್ಲಿ ಇಳಿದು ಪಶ್ಚಿಮಕ್ಕೆ ತಿರುಗಿ, ತೆಂಗಿನ ಮರಗಳ ನಡುವಿನ ರಸ್ತೆಯಲ್ಲಿ ಸಾಗಿದರೆ ಮೊದಲು ಅಲೆಗಳ ಸದ್ದು ಕೇಳಿಸುತ್ತದೆ, ಆಮೇಲೆ ಉಪ್ಪು ಗಾಳಿ ಮುಖಕ್ಕೆ ಬಡಿಯುತ್ತದೆ, ಕೊನೆಗೆ ಬಂಡೆಯ ಮೇಲೆ ನಿಂತ ದೀಪಸ್ತಂಭ ಕಣ್ಣಿಗೆ ಬೀಳುತ್ತದೆ. 1901ರಲ್ಲಿ ಕಟ್ಟಿದ ಈ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಹತ್ತಿ ಅದರ ಬುಡಕ್ಕೆ ಹೋಗಬಹುದು. ಮಳೆಗಾಲದಲ್ಲಿ ಬಂಡೆಯ ಸುತ್ತ ನೀರು ನಿಂತು ಅದು ಒಂದು ಸಣ್ಣ ದ್ವೀಪದಂತೆ ಕಾಣುತ್ತದೆ.

ಸಂಜೆಯ ಕಾಪುವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಮಕ್ಕಳ ಗಲಾಟೆ, ಚುರುಮುರಿಯ ಗಾಡಿ, ಐಸ್‌ಕ್ರೀಂ, ಫೋಟೋ ತೆಗೆಯುವವರ ಗುಂಪು. ನಾನು ಹೇಳ ಹೊರಟಿರುವುದು ಬೆಳಗ್ಗಿನ ಕಾಪುವಿನ ಬಗ್ಗೆ. ಸುಬಹಿ ನಮಾಝ್ ಮುಗಿಸಿ, ಒಂದು ಲೋಟ ಬಿಸಿ ನೀರು ಕುಡಿದು ಮನೆಯಿಂದ ಹೊರಟರೆ ನಾವು ತಲಪುವಾಗ ಇನ್ನೂ ಮಬ್ಬುಗತ್ತಲು. ದೀಪಸ್ತಂಭದ ಬೆಳಕು ಆಗಲೂ ತಿರುಗುತ್ತಿರುತ್ತದೆ. ಸೂರ್ಯ ಹುಟ್ಟುವುದು ನಮ್ಮ ಬೆನ್ನ ಹಿಂದೆ, ತೆಂಗಿನ ತೋಟದ ಆಚೆ. ಆದ್ದರಿಂದ ಸಮುದ್ರಕ್ಕೆ ಬೆಳಕು ತಡವಾಗಿ ಬರುತ್ತದೆ. ಮೊದಲು ನೊರೆ ಬಿಳಿಯಾಗುತ್ತದೆ, ಆಮೇಲೆ ನೀರು ಬೂದಿಯಾಗುತ್ತದೆ, ಕೊನೆಗೆ ನೀಲಿ. ಕೈರಂಪಣಿ ಬಲೆ ಎಳೆಯುವವರು ಎರಡು ಸಾಲಾಗಿ ನಿಂತು ಹಗ್ಗ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತಿರುತ್ತಾರೆ. ಸಣ್ಣ ಏಡಿಗಳು ನಮ್ಮ ಕಾಲ ಸದ್ದಿಗೆ ಹೆದರಿ ತಮ್ಮ ತೂತುಗಳಿಗೆ ಓಡುತ್ತವೆ.

ಈ ಕಿನಾರೆಯಲ್ಲಿ ನಾನು ವಾರಕ್ಕೆ ಮೂರು ದಿನ ಓಡುತ್ತೇನೆ. ಚಪ್ಪಲಿ, ಶೂ ಏನೂ ಇಲ್ಲದೆ ಬರಿಗಾಲಿನಲ್ಲಿ. ನಲ್ವತ್ತು ದಾಟಿದ, ಎರಡು ಮಕ್ಕಳ ತಾಯಿಯಾದ ಒಬ್ಬ ಶಿಕ್ಷಕಿಗೆ ಇದೆಂತಹ ಹುಚ್ಚು ಎಂದು ನಿಮಗೆ ಅನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು.

ನಾನು ಕಲಿತದ್ದು ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಬೆಳಗ್ಗೆ ಮದ್ರಸ, ಆಮೇಲೆ ಶಾಲೆ. ಮೈದಾನವೆಂದರೆ ಮುರಕಲ್ಲಿನ ಕೆಂಪು ನೆಲ. ಕ್ರೀಡೋತ್ಸವದ ದಿನ ನಮ್ಮ ಯಾರ ಕಾಲಲ್ಲೂ ಶೂ ಇರುತ್ತಿರಲಿಲ್ಲ. ಹವಾಯಿ ಚಪ್ಪಲಿಯನ್ನು ಗೆರೆಯ ಆಚೆ ಬಿಟ್ಟು ಓಡುತ್ತಿದ್ದೆವು. ಐದನೇ ತರಗತಿಯಲ್ಲಿದ್ದಾಗ 100 ಮೀಟರ್ ಓಟದಲ್ಲಿ ನನಗೆ ಮೊದಲ ಬಹುಮಾನ ಬಂತು. ಒಂದು ಸ್ಟೀಲ್ ಲೋಟ. ನನ್ನ ಹೆಸರನ್ನು ಉಮ್ಮ ಪೇಟೆಯ ಪಾತ್ರೆ ಅಂಗಡಿಯಲ್ಲಿ ಅದರ ಮೇಲೆ ಕೊರೆಯಿಸಿದರು. ಈಗಲೂ ಅವರು ಚಹಾ ಕುಡಿಯುವುದು ಅದರಲ್ಲೇ. ಏಳನೇ ತರಗತಿಯ ನಂತರ ಓಟ ನಿಂತಿತು. ಯಾರೂ ಬೇಡ ಎನ್ನಲಿಲ್ಲ, ಯಾರೂ ಓಡು ಎನ್ನಲೂ ಇಲ್ಲ. ಮದ್ರಸದ ಓದು ಮುಂದುವರಿಯಿತು, ಮದುವೆಯಾಯಿತು, ಮಕ್ಕಳಾದರು, ಮನೆಯಲ್ಲೇ ಕುಳಿತು ಬಿ.ಎ. ಮುಗಿಸಿದೆ, ಕೆಲಸಕ್ಕೆ ಸೇರಿದೆ. ನಿಂತು ಪಾಠ ಮಾಡುವುದು, ಕುಳಿತು ಪುಸ್ತಕ ತಿದ್ದುವುದು, ಮನೆಗೆ ಬಂದು ಅಡುಗೆ ಮಾಡುವುದು. ಕಾಲುಗಳು ಇರುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಮ್ಮನ್ನು ಸಾಗಿಸುವುದಕ್ಕೆ ಮಾತ್ರ ಎಂಬಂತೆ ವರ್ಷಗಳು ಕಳೆದವು.

2018ರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಶ ಗಡಿಯಲ್ಲಿ ನಿಂತಿತ್ತು. ಉಮ್ಮನಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಜ್ಜಿಗೂ ಇತ್ತು. ನನ್ನ ಸರದಿ ಬಂತೆಂದು ಭಯವಾಯಿತು. ನಡೆಯಲು ಶುರು ಮಾಡಿದೆ. ಎರಡು ತಿಂಗಳಾದ ಮೇಲೆ ನಡಿಗೆ ಸಾಲದು ಅನಿಸಿತು. ಮೂರು ಸಾವಿರ ರೂಪಾಯಿ ಕೊಟ್ಟು ದಪ್ಪ ಅಟ್ಟೆಯ ಶೂ ಕೊಂಡೆ. ಕಾಲಿಗೆ ಹತ್ತಿಯ ಹಾಸಿಗೆ ಕಟ್ಟಿಕೊಂಡಂತಿತ್ತು. ಆ ಧೈರ್ಯದಲ್ಲಿ ಡಾಮರು ರಸ್ತೆಯಲ್ಲಿ ಓಡತೊಡಗಿದೆ. ಮೊದಲ ವಾರ ಅರ್ಧ ಕಿಲೋಮೀಟರ್, ಮೂರನೇ ವಾರಕ್ಕೆ ಮೂರು ಕಿಲೋಮೀಟರ್! ಐದನೇ ವಾರ ಬೆಳಗ್ಗೆ ಮಂಚದಿಂದ ಇಳಿದು ಕಾಲು ನೆಲಕ್ಕಿಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಯಿತು. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳುಗಳವರೆಗೆ ಒಂದು ಗಟ್ಟಿ ಪಟ್ಟಿಯಿದೆ, ಅದಕ್ಕೆ ಏಟು ಬಿದ್ದಿದೆ ಎಂದು ವೈದ್ಯರು ಹೇಳಿದರು. ಇದು ನಮ್ಮ ವಯಸ್ಸಿನ ಹೆಂಗಸರಲ್ಲಿ, ಅದರಲ್ಲೂ ದಿನವಿಡೀ ನಿಂತು ಕೆಲಸ ಮಾಡುವವರಲ್ಲಿ ಬಹಳ ಸಾಮಾನ್ಯ. ಓದುಗ ಸಹೋದರಿಯರಲ್ಲಿ ಈ ನೋವನ್ನು ಅನುಭವಿಸಿದವರು ಹಲವರಿರಬಹುದು. ಬೆಳಗ್ಗಿನ ಮೊದಲ ಹೆಜ್ಜೆಗಳೇ ಅತ್ಯಂತ ಕಷ್ಟ.

ಅದು ಗುಣವಾಗಲು ಎಂಟು ತಿಂಗಳು ಹಿಡಿಯಿತು. ಮತ್ತೆ ಶುರು ಮಾಡಿದೆ. 2019ರ ಕೊನೆಯಲ್ಲಿ ಶಾಲೆಯ ಕ್ರೀಡೋತ್ಸವಕ್ಕೆ ಮಕ್ಕಳನ್ನು ತಯಾರು ಮಾಡುವಾಗ ಅದೇ ದಪ್ಪ ಶೂ ಹಾಕಿಕೊಂಡು ಸಣ್ಣ ಹೊಂಡಕ್ಕೆ ಕಾಲಿಟ್ಟೆ. ಕಾಲಗಂಟು ಹೊರಳಿತು. ಆರು ವಾರ ಬ್ಯಾಂಡೇಜು. ಅದು ಬಿಚ್ಚಿದ ಮೇಲೆ ಆ ಕಾಲಿನ ಮೇಲೆ ಭಾರ ಹಾಕಲು ಹೆದರಿ ಇನ್ನೊಂದು ಕಾಲಿಗೆ ಹೆಚ್ಚು ಕೆಲಸ ಕೊಟ್ಟದ್ದರಿಂದ ಮಂಡಿ ನೋವು ಬಂತು. 2020ರಲ್ಲಿ ಲಾಕ್‌ಡೌನ್. ದೇಹದ ತೂಕ ಎಂಟು ಕಿಲೋ ಹೆಚ್ಚಿತು. “ಈ ವಯಸ್ಸಿನಲ್ಲಿ ಓಟ ಯಾಕೆ? ಆರಾಮವಾಗಿ ಇರಿ” ಎಂದರು ಒಬ್ಬ ವೈದ್ಯರು. ಆರಾಮವಾಗಿ ಇರುವುದರಿಂದಲೇ ನನಗೆ ಅಪಾಯ ಎಂದು ಅವರಿಗೆ ಹೇಳಲು ನಾಲಗೆ ಬರಲಿಲ್ಲ.

2021ರಲ್ಲಿ ನಮ್ಮ ಮನೆಗೆ ದೊಡ್ಡ ಆಘಾತವೇ ಬಂತು. ಉಮ್ಮ ಅಂಗಳದಲ್ಲಿ ಬರಿಗಾಲಿನಲ್ಲೇ ಓಡಾಡುವವರು. ಯಾವಾಗ, ಏನು ತಾಗಿತೋ ಅವರಿಗೇ ಗೊತ್ತಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ರಕ್ತದ ಗುರುತು ನೋಡಿದ್ದು ನನ್ನ ಮಗಳು. ಬೆರಳಿನ ಅಡಿಯಲ್ಲಿ ಗಾಯ ಆಗಲೇ ಆಳಕ್ಕೆ ಇಳಿದಿತ್ತು. “ನೋವೇ ಇರಲಿಲ್ಲ ಮಗಳೇ” ಎಂದರು. ನೋವಿಲ್ಲದಿರುವುದೇ ರೋಗ ಎಂದು ನಮಗೆ ಆಗ ತಿಳಿಯಿತು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಕಾಲಿನ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದರೂ, ಬಿಸಿ ತಾಗಿದರೂ ತಿಳಿಯುವುದಿಲ್ಲ. ಗಾಯ ಬೇಗ ಮಾಯುವುದೂ ಇಲ್ಲ. ಕೊನೆಗೆ ಎಡಗಾಲಿನ ಕಿರುಬೆರಳನ್ನು ತೆಗೆಯಬೇಕಾಯಿತು. ಅಂದಿನಿಂದ ಉಮ್ಮ ಮನೆಯೊಳಗೂ ಎಂ.ಸಿ.ಆರ್. ಚಪ್ಪಲಿ ಹಾಕಿಯೇ ನಡೆಯುತ್ತಾರೆ.

ಇಂತಹ ಮನೆಯಲ್ಲಿ ನಾನು ಬರಿಗಾಲಿನಲ್ಲಿ ಓಡುತ್ತೇನೆಂದು ಹೊರಟರೆ ಏನಾಗಬಹುದು, ನೀವೇ ಯೋಚಿಸಿ.

ಆ ಯೋಚನೆ ನನ್ನದಲ್ಲ. 2022ರಲ್ಲಿ ಮಂಡಿ ನೋವಿಗೆಂದು ಒಬ್ಬರು ಫಿಸಿಯೋಥೆರಪಿಸ್ಟ್ ಬಳಿ ಹೋದೆ. ಅವರು ಮಂಡಿ ನೋಡುವ ಮೊದಲು ಪಾದ ನೋಡಿದರು. ನೆಲದಲ್ಲಿ ಒಂದು ಟವೆಲ್ ಹಾಸಿ, ಕಾಲಿನ ಬೆರಳುಗಳಿಂದ ಅದನ್ನು ಹತ್ತಿರಕ್ಕೆ ಎಳೆಯಿರಿ ಎಂದರು. ನನ್ನ ಬೆರಳುಗಳು ಅಲುಗಲೇ ಇಲ್ಲ. ಒಂಟಿ ಕಾಲಿನಲ್ಲಿ ನಿಲ್ಲಿ ಎಂದರು. ಹತ್ತು ಸೆಕೆಂಡಿಗೆ ಗೋಡೆ ಹಿಡಿದೆ. ಒಂದು ಪಾದದಲ್ಲಿ 26 ಮೂಳೆಗಳಿವೆ, ಅವುಗಳನ್ನು ಹಿಡಿದಿಡುವ ಸ್ನಾಯುಗಳಿವೆ, ನಿಮ್ಮ ಪಾದ ಅವೆಲ್ಲವನ್ನೂ ಮರೆತು ಕುಳಿತಿದೆ ಎಂದು ಅವರು ವಿವರಿಸಿದರು. ಮೊದಲು ಮನೆಯೊಳಗೆ ಬರಿಗಾಲಿನಲ್ಲಿ ವ್ಯಾಯಾಮ, ಆಮೇಲೆ ಬರಿಗಾಲಿನಲ್ಲಿ ನಡಿಗೆ, ಕಾಲು ಒಪ್ಪಿದರೆ ಗಟ್ಟಿ ಮರಳಿನ ಮೇಲೆ ಒಂದೆರಡು ನಿಮಿಷ ಓಟ ಎಂದು ಹೇಳಿದರು.

ಉಮ್ಮನಿಗೆ ಇದು ತಿಳಿದಾಗ ಅವರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. “ನನ್ನ ಕಾಲು ನೋಡಿಯೂ ನಿನಗೆ ಬುದ್ಧಿ ಬರಲಿಲ್ಲವಾ?” ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಅಳು ಹೆಚ್ಚಿತ್ತು. ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿಯೇ ಆಗಿತ್ತು. ಸಕ್ಕರೆ ಗಡಿಯಲ್ಲಿರುವ ನನ್ನ ನರಗಳು ಸರಿಯಾಗಿವೆ ಎಂದು ನನಗೆ ಏನು ಗ್ಯಾರಂಟಿ?

ಮರುದಿನವೇ ಉಮ್ಮನನ್ನೂ ಕರೆದುಕೊಂಡು ಅವರ ಸಕ್ಕರೆ ಕಾಯಿಲೆಯ ವೈದ್ಯರ ಬಳಿಗೆ ಹೋದೆ. ಪರೀಕ್ಷೆ ಬಹಳ ಸರಳ. ಕಣ್ಣು ಮುಚ್ಚಿಸಿ, ಒಂದು ತೆಳು ನೈಲಾನ್ ದಾರದ ತುದಿಯನ್ನು ಅಂಗಾಲಿನ ಬೇರೆ ಬೇರೆ ಕಡೆ ಮೆಲ್ಲಗೆ ಒತ್ತುತ್ತಾರೆ. ತಾಗಿದ್ದು ಗೊತ್ತಾದರೆ ಹೇಳಬೇಕು. ಆಮೇಲೆ ಕಂಪಿಸುವ ಲೋಹದ ಕವೆಯೊಂದನ್ನು ಹೆಬ್ಬೆರಳಿನ ಮೂಳೆಗೆ ಹಿಡಿಯುತ್ತಾರೆ. ನನಗೆ ಪ್ರತಿ ಸಲವೂ ತಿಳಿಯಿತು. ಪಕ್ಕದಲ್ಲಿ ಕುಳಿತಿದ್ದ ಉಮ್ಮ, “ನನಗೂ ಒಮ್ಮೆ ಮಾಡಿ ನೋಡಿ” ಎಂದರು. ದಾರ ಅವರ ಅಂಗಾಲಿಗೆ ಎಂಟು ಸಲ ತಾಗಿತು. ಅವರು ಒಮ್ಮೆ ಮಾತ್ರ “ಹಾಂ” ಎಂದರು. ಹಿಂದಿರುಗುವಾಗ ರಿಕ್ಷಾದಲ್ಲಿ ಬಹಳ ಹೊತ್ತು ಅವರು ಮಾತಾಡಲಿಲ್ಲ. ಮನೆಯ ಗೇಟಿನ ಬಳಿ ಇಳಿಯುವಾಗ, “ನಿನ್ನ ಕಾಲಿಗೆ ಇನ್ನೂ ಜೀವ ಇದೆ. ಅದನ್ನು ಉಳಿಸಿಕೋ. ಆದರೆ ದಿನಾ ನನಗೆ ಪಾದ ತೋರಿಸಬೇಕು” ಎಂದು ಷರತ್ತು ಹಾಕಿದರು.

ಹೀಗೆ 2022ರ ನವೆಂಬರ್‌ನ ಒಂದು ಬೆಳಗ್ಗೆ ನಾನು ಕಾಪುವಿನ ಮರಳಿನ ಮೇಲೆ ಚಪ್ಪಲಿ ಬಿಟ್ಟೆ. ಪತಿ ತಮ್ಮ ಸ್ಕೂಟರಿನಲ್ಲಿ ಕರೆತಂದು ಬಂಡೆಯ ಹತ್ತಿರ ನಡೆದಾಡುತ್ತಿದ್ದರು. ಸಡಿಲವಾದ ಚೂಡಿದಾರ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫ್. ಉತ್ತರದ ಕಡೆಗೆ ಮುಖ ಮಾಡಿ, ಹತ್ತು ನಿಮಿಷ ನಡೆದು, ಒಂದು ನಿಮಿಷ ಓಡಿದೆ. ಒಂದೇ ನಿಮಿಷ!

ಆ ಒಂದು ನಿಮಿಷದಲ್ಲಿ ನನಗೆ ಆಶ್ಚರ್ಯವಾದದ್ದು ಏನೆಂದರೆ, ಶೂ ಹಾಕಿದಾಗ ನಾನು ಹಿಮ್ಮಡಿಯನ್ನು ನೆಲಕ್ಕೆ ಬಡಿದು ಓಡುತ್ತಿದ್ದೆ. ಬರಿಗಾಲಿನಲ್ಲಿ ಹಾಗೆ ಬಡಿಯಲು ಆಗುವುದೇ ಇಲ್ಲ. ಯಾರೂ ಹೇಳಿಕೊಡದೆಯೇ ಹೆಜ್ಜೆ ಸಣ್ಣದಾಯಿತು, ಪಾದದ ಮುಂಭಾಗ ಮೊದಲು ನೆಲ ಮುಟ್ಟಿ ಹಿಮ್ಮಡಿ ಮೆಲ್ಲಗೆ ಆಮೇಲೆ ಇಳಿಯಿತು. ಇದರ ಬಗ್ಗೆ ನಂತರ ಓದಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಕೆನ್ಯಾದ ಬರಿಗಾಲಿನ ಓಟಗಾರರನ್ನೂ ಅಮೆರಿಕದ ಓಟಗಾರರನ್ನೂ ಹೋಲಿಸಿ ನೋಡಿ, 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬರಿಗಾಲಿನಲ್ಲಿ ಓಡಿ ಅಭ್ಯಾಸವಿರುವವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ನೆಲಕ್ಕಿಡುತ್ತಾರೆ, ಅದರಿಂದ ಹಿಮ್ಮಡಿ ಬಡಿದಾಗ ಆಗುವ ಥಟ್ಟನೆಯ ಏಟು ಕಡಿಮೆಯಾಗುತ್ತದೆ ಎಂಬುದು ಅವರು ಕಂಡುಕೊಂಡ ವಿಷಯ.

ಇದನ್ನು ಓದಿದ ಮೇಲೆ ನನಗೆ ಉತ್ಸಾಹ ಹೆಚ್ಚಿತು. ಉತ್ಸಾಹ ಹೆಚ್ಚಿದಾಗಲೆಲ್ಲ ನಾನು ಬೀಳುವುದು ವಾಡಿಕೆ! ಒಂದು ನಿಮಿಷವಿದ್ದದ್ದನ್ನು ಎರಡನೇ ವಾರದಲ್ಲಿ ಹದಿನೈದು ನಿಮಿಷ ಮಾಡಿದೆ. ಅದೂ ನೀರಿನಿಂದ ದೂರ, ಒಣ ಮರಳಿನಲ್ಲಿ. ಮರುದಿನ ಎರಡೂ ಮೀನಖಂಡಗಳು ಕಲ್ಲಿನಂತಾಗಿದ್ದವು. ತರಗತಿಯಲ್ಲಿ ಮೆಟ್ಟಿಲು ಇಳಿಯಲು ಕಂಬಿ ಹಿಡಿದು ಪಕ್ಕಕ್ಕೆ ತಿರುಗಿ ಇಳಿಯಬೇಕಾಯಿತು. ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಮತ್ತೆ ಎರಡು ವಾರ ರಜೆ.

ಆಗ ಕಲಿತ ಪಾಠ: ಬರಿಗಾಲು ಮಂತ್ರವೇನಲ್ಲ. ಹಿಮ್ಮಡಿಗೆ, ಮಂಡಿಗೆ ತಪ್ಪಿದ ಭಾರ ಎಲ್ಲಿಗೋ ಮಾಯವಾಗುವುದಿಲ್ಲ, ಅದು ಮೀನಖಂಡಕ್ಕೆ ಮತ್ತು ಪಾದದ ಸಣ್ಣ ಮೂಳೆಗಳಿಗೆ ಹೋಗುತ್ತದೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬರಿಗಾಲನ್ನೇ ಹೋಲುವ ತೆಳು ಶೂಗಳಿಗೆ ಹತ್ತು ವಾರಗಳಲ್ಲಿ ಬದಲಾದ ಓಟಗಾರರಲ್ಲಿ ಅರ್ಧದಷ್ಟು ಮಂದಿಗೆ ಪಾದದ ಮೂಳೆಯೊಳಗೆ ಊತ ಕಂಡುಬಂದಿತ್ತು. ಅವರೆಲ್ಲ ಓಡಿ ಪಳಗಿದವರು. ಅವರಿಗೇ ಹೀಗಾದರೆ ನನ್ನ ಪಾಡೇನು?

ಒಣ ಮರಳಿನ ಕಷ್ಟಕ್ಕೂ ಲೆಕ್ಕವಿದೆ. ಗಟ್ಟಿ ನೆಲದ ಮೇಲೆ ಓಡುವುದಕ್ಕಿಂತ ಸಡಿಲ ಮರಳಿನಲ್ಲಿ ಓಡುವಾಗ ಸುಮಾರು 1.6 ಪಟ್ಟು ಶಕ್ತಿ ಖರ್ಚಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಮರಳು ಜಾರಿ ನಮ್ಮ ಶಕ್ತಿಯನ್ನು ನುಂಗುತ್ತದೆ. ನೀರು ಹಿಂದೆ ಸರಿದ ಜಾಗದ ಒದ್ದೆ ಮರಳು ಹಾಗಲ್ಲ. ಕಣಗಳ ನಡುವಿನ ನೀರು ಅವನ್ನು ಹಿಡಿದಿಟ್ಟು ನೆಲ ಗಟ್ಟಿಯಾಗಿರುತ್ತದೆ. ಆದರೆ ಅದು ಎಲ್ಲ ದಿನವೂ ಒಂದೇ ಸಮಯಕ್ಕೆ ಸಿಗುವುದಿಲ್ಲ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುತ್ತದೆ. ಇಳಿತ ಬೆಳಗ್ಗೆ ಬರುವ ದಿನಗಳಲ್ಲಿ ಕಿನಾರೆ ಅಗಲವಾಗಿ, ಚಪ್ಪಟೆಯಾಗಿ ಸಿಗುತ್ತದೆ. ಉಬ್ಬರದ ದಿನ ಉಳಿಯುವುದು ಸಮುದ್ರಕ್ಕೆ ವಾಲಿದ ಇಳಿಜಾರು ಮಾತ್ರ. ಅಲ್ಲಿ ಓಡಿದರೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಸೊಂಟಕ್ಕೂ ಮಂಡಿಗೂ ಒಳ್ಳೆಯದಲ್ಲ. ಆ ದಿನಗಳಲ್ಲಿ ನಾನು ನಡೆದು ಬರುತ್ತೇನೆ. ಇದನ್ನೆಲ್ಲ ನನಗೆ ಮೊದಲು ಹೇಳಿದ್ದು ಪುಸ್ತಕವಲ್ಲ, ಬಲೆ ಎಳೆಯುವವರ ಜೊತೆ ಬರುವ ಒಬ್ಬ ಹಿರಿಯ ಮೊಗವೀರ ಮಹಿಳೆ. ಮೊದಲ ದಿನಗಳಲ್ಲಿ ಅವರು ನನ್ನನ್ನು ತಡೆದು ಕೇಳಿದ್ದರು:

“ಏನು ಟೀಚರೇ, ಯಾರಾದರೂ ಅಟ್ಟಿಸಿಕೊಂಡು ಬರ್ತಿದ್ದಾರಾ?”

“ಹೌದು ಅಕ್ಕಾ, ಸಕ್ಕರೆ ಕಾಯಿಲೆ ಬರ್ತಾ ಇದೆ” ಎಂದೆ.

ಅವರು ನಕ್ಕು ತಮ್ಮ ಕಾಲಿನ ಕಡೆ ನೋಡಿಕೊಂಡರು. ಅಗಲವಾದ, ಬೆರಳುಗಳು ಬಿಡಿಸಿಕೊಂಡ, ಜೀವಮಾನವಿಡೀ ಮರಳು ತುಳಿದ ಪಾದಗಳು. “ನೀರು ಬಿಟ್ಟ ಜಾಗದಲ್ಲಿ ಓಡಿ, ಹೊಯಿಗೆಯಲ್ಲಿ ಬೇಡ. ಲೋಳೆಮೀನು ಬಿದ್ದಿದ್ದರೆ ತುಳಿಯಬೇಡಿ” ಎಂದರು. ಅಂದಿನಿಂದ ಅವರು ನನ್ನ ಕೋಚ್.

ಬರಿಗಾಲ ಓಟವೆಂದರೆ ಎಲ್ಲರೂ ನೆನಪಿಸುವ ಹೆಸರು ಇಥಿಯೋಪಿಯಾದ ಅಬೆಬೆ ಬಿಕಿಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಕೊಟ್ಟ ಶೂ ಕಾಲಿಗೆ ಸರಿಹೊಂದದೆ, ಅಭ್ಯಾಸದಲ್ಲಿದ್ದಂತೆ ಬರಿಗಾಲಿನಲ್ಲೇ ಮ್ಯಾರಥಾನ್ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಆದರೆ ನಾನು ಶಾಲೆಯ ಮಕ್ಕಳಿಗೆ ಅವರ ಕಥೆಯ ಎರಡನೇ ಭಾಗವನ್ನು ಹೆಚ್ಚು ಹೇಳುತ್ತೇನೆ. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಕೆಲವೇ ವಾರ ಮೊದಲು ಅವರಿಗೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯಾಗಿತ್ತು. ಆದರೂ ಓಡಿದರು, ಈ ಸಲ ಶೂ ಹಾಕಿಕೊಂಡು, ಮತ್ತೆ ಗೆದ್ದರು. ಗೆಲ್ಲಿಸಿದ್ದು ಶೂ ಅಲ್ಲ, ಶೂ ಇಲ್ಲದಿರುವುದೂ ಅಲ್ಲ. 1969ರಲ್ಲಿ ಕಾರು ಅಪಘಾತದಲ್ಲಿ ಅವರ ಕಾಲುಗಳೇ ನಿಶ್ಚಲವಾದವು. ಆಮೇಲೆ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ಭಾಗವಹಿಸಿದರು. 1973ರಲ್ಲಿ ತೀರಿಕೊಂಡಾಗ ಅವರ ವಯಸ್ಸು 41. ನನಗಿಂತ ಚಿಕ್ಕ ಪ್ರಾಯ.

ಅಷ್ಟು ದೂರ ಯಾಕೆ, ನಮ್ಮ ಕರಾವಳಿಯ ಕಂಬಳದಲ್ಲಿ ಕೋಣಗಳ ಹಿಂದೆ ಕೆಸರಿನಲ್ಲಿ ಓಡುವವರದ್ದೂ ಬರಿಗಾಲೇ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಅವರತ್ತ ನೋಡಿತು. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಬೆರಳುಗಳಿಗೆ ಕೆಲಸ, ಎರಡೂ ಬೇರೆ ಎಂಬರ್ಥದ ಮಾತನ್ನು ಅವರು ಆಗ ಹೇಳಿದ್ದರು. ನೆಲ ಬದಲಾದರೆ ಕಾಲು ಹೊಸದಾಗಿ ಕಲಿಯಬೇಕು ಎಂಬುದು ಅವರಂತಹ ಓಟಗಾರರಿಗೂ ಗೊತ್ತಿರುವ ಸತ್ಯ.

ಹೆಂಗಸು ಓಡುವುದೇ ಎಂಬ ಪ್ರಶ್ನೆಯೂ ಬಂತು. ಒಂದು ಮದುವೆ ಮನೆಯಲ್ಲಿ ಸಂಬಂಧಿಕರೊಬ್ಬರು, “ಮದ್ರಸ ಕಲಿತವಳು ನೀನು, ನಿನಗೆ ಇದು ಒಪ್ಪುತ್ತದಾ?” ಎಂದು ಎಲ್ಲರ ಮುಂದೆ ಕೇಳಿದರು. ಮದ್ರಸ ಕಲಿತದ್ದರಿಂದಲೇ ನನಗೆ ಉತ್ತರ ಗೊತ್ತಿತ್ತು. ಪ್ರವಾದಿಯವರು(ಸ) ಪ್ರಯಾಣದಲ್ಲಿದ್ದಾಗ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ಮಾಡಿದ್ದು, ಮೊದಲ ಸಲ ಆಯಿಶಾ(ರ) ಗೆದ್ದದ್ದು, ಅವರ ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿದಾಗ ಪ್ರವಾದಿಯವರು(ಸ) ಗೆದ್ದು, ಇದು ಅದಕ್ಕೆ ಸಮ ಎಂದದ್ದು ಅಬೂದಾವೂದ್ ಗ್ರಂಥದಲ್ಲಿದೆ. ಕೆಲವೊಮ್ಮೆ ಬರಿಗಾಲಿನಲ್ಲಿ ನಡೆಯುವಂತೆ ಅನುಯಾಯಿಗಳಿಗೆ ಹೇಳಿದ್ದೂ ಅದೇ ಗ್ರಂಥದಲ್ಲಿದೆ. ನಾನು ಇಷ್ಟು ಹೇಳಿ ಸುಮ್ಮನಾದೆ. ಆ ಸಂಬಂಧಿಕರೂ ಸುಮ್ಮನಾದರು. ಊಟವಾದ ಮೇಲೆ ಅವರ ಸೊಸೆ ಮೂಲೆಗೆ ಕರೆದು, “ಹಿಮ್ಮಡಿ ನೋವಿಗೆ ಏನು ಮಾಡಿದಿರಿ?” ಎಂದು ಮೆಲ್ಲಗೆ ಕೇಳಿದಳು.

ಜೂನ್ ಬಂದರೆ ಕಾಪುವಿನ ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋಗಿ ಕಿನಾರೆಯೇ ಕಿರಿದಾಗುತ್ತದೆ. ದೋಣಿಗಳು ಮೇಲೆ ಬಂದು ಮಗುಚಿ ಮಲಗುತ್ತವೆ. ಮೊದಲ ಮಳೆಗಾಲದಲ್ಲಿ ಇಷ್ಟು ದಿನದ ಶ್ರಮವೆಲ್ಲ ಹೋಯಿತೆಂದು ಬೇಸರವಾಗಿತ್ತು. ಆಗ ಮನೆಯ ಜಗಲಿಯೇ ನನ್ನ ಮೈದಾನವಾಯಿತು. ಟವೆಲ್ ಎಳೆಯುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು, ಮೆಟ್ಟಿಲ ಅಂಚಿನಲ್ಲಿ ಬೆರಳ ಮೇಲೆ ಏರಿ ಇಳಿಯುವುದು. ಸೆಪ್ಟೆಂಬರ್ ಕೊನೆಗೆ ಮತ್ತೆ ಕಾಪುವಿಗೆ ಹೋದಾಗ ಐದು ನಿಮಿಷದಿಂದ ಶುರು ಮಾಡಿದೆ. ಹಿಂದೆ ನಿಲ್ಲಿಸಿದಲ್ಲಿಂದ ಶುರು ಮಾಡುವ ಹಠ ಇರಲಿಲ್ಲ. ನನ್ನ ಮಟ್ಟಿಗೆ ನಿಜವಾದ ಗುಣ ಇದೇ. ಶೂ ಹಾಕಿದ್ದಾಗ ಮನಸ್ಸು ಹೇಳಿದಷ್ಟು ಓಡುತ್ತಿದ್ದೆ, ಮೂಳೆಗೆ ಪೆಟ್ಟಾದ ಮೇಲೆ ಗೊತ್ತಾಗುತ್ತಿತ್ತು. ಬರಿಗಾಲಿನಲ್ಲಿ ಅಂಗಾಲಿನ ಚರ್ಮವೇ ಮೊದಲು ಸಾಕು ಎನ್ನುತ್ತದೆ. ಅದರ ಮಾತು ಕೇಳುವ ತಾಳ್ಮೆ ಬಂದದ್ದೇ ನನಗೆ ಸಿಕ್ಕ ಮದ್ದು.

ಈಗ ನಾನು ನಿಲ್ಲದೆ ಮೂರು ಕಿಲೋಮೀಟರ್ ಓಡುತ್ತೇನೆ. ವೇಗ ಕೇಳಬೇಡಿ, ಬಲೆಯ ಹಗ್ಗ ಹೊತ್ತ ಮುದುಕರೂ ಕೆಲವೊಮ್ಮೆ ನನ್ನನ್ನು ದಾಟಿ ಹೋಗುತ್ತಾರೆ. ಹಿಮ್ಮಡಿ ನೋವು ಮತ್ತೆ ಬಂದಿಲ್ಲ. ಮಂಡಿ ಚಳಿಗಾಲದಲ್ಲಿ ಒಮ್ಮೊಮ್ಮೆ ಗೊಣಗುತ್ತದೆ. ಸಕ್ಕರೆ ಗಡಿಯಿಂದ ಸ್ವಲ್ಪ ಕೆಳಗೆ ಇಳಿದಿದೆ. ಡಾಮರು ರಸ್ತೆಯಲ್ಲಿ ನಡೆಯುವಾಗ ನಾನು ಈಗಲೂ ಶೂ ಹಾಕುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ.

ಇದನ್ನು ಓದಿ ನಾಳೆಯೇ ಚಪ್ಪಲಿ ಬಿಡಬೇಡಿ ಎಂದು ಸಹೋದರಿಯರಲ್ಲಿ ನನ್ನ ವಿನಂತಿ. ಸಕ್ಕರೆ ಕಾಯಿಲೆ ಇರುವವರು, ಕಾಲು ಜೋಮು ಹಿಡಿಯುವವರು, ಗಾಯ ಮಾಯದವರು ಬರಿಗಾಲಿನಲ್ಲಿ ನಡೆಯಲೇಬಾರದು. ಉಳಿದವರೂ ಮೊದಲು ಆ ದಾರದ ಪರೀಕ್ಷೆ ಮಾಡಿಸಿಕೊಳ್ಳಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ನೋಡಿ. ಕೊಳಕು ನೆಲದಲ್ಲಿ ಬರಿಗಾಲು ಬೇಡ, ಕೊಕ್ಕೆಹುಳ ಒಳಸೇರುವುದು ಅಂಗಾಲಿನ ಮೂಲಕವೇ. ಮೊದಲ ದಿನ ಒಂದು ನಿಮಿಷ ಸಾಕು. ನಡುವೆ ಒಂದು ದಿನ ಬಿಡುವು ಇರಲಿ. ಮನೆಗೆ ಬಂದು ಪಾದ ತೊಳೆದು, ಒರೆಸಿ, ಬೆಳಕಿನಲ್ಲಿ ನೋಡಿಕೊಳ್ಳಿ.

ನಮ್ಮ ಮನೆಯಲ್ಲಿ ಅದು ದಿನಚರಿಯಾಗಿದೆ. ನಾನು ಬಂದ ಕೂಡಲೇ ಉಮ್ಮ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ನನ್ನ ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಬೆರಳ ಸಂದಿಯವರೆಗೆ ಪರೀಕ್ಷಿಸುತ್ತಾರೆ. ಆಮೇಲೆ ನಾನು ಸಣ್ಣ ಕನ್ನಡಿ ಹಿಡಿದು ಅವರ ಪಾದಗಳನ್ನು ನೋಡುತ್ತೇನೆ. 2021ರ ನಂತರ ಅವರಿಗೆ ಹೊಸ ಗಾಯ ಆಗಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಅವರೂ ಕಾಪುವಿಗೆ ಬರುತ್ತೇನೆಂದರು. ರಿಕ್ಷಾದಲ್ಲಿ ಕರೆತಂದು ಕಿನಾರೆಯ ಕಟ್ಟೆಯ ಮೇಲೆ ಕೂರಿಸಿದೆವು. ಚಪ್ಪಲಿಯ ಪಟ್ಟಿಗಳನ್ನು ಬಿಗಿದುಕೊಂಡು, ಶಾಲು ಹೊದ್ದು ಸಮುದ್ರ ನೋಡುತ್ತಿದ್ದರು. ನಾನು ದೋಣಿಗಳವರೆಗೆ ಓಡಿ ಹಿಂದೆ ಬಂದೆ. ಏದುಸಿರು ಬಿಡುತ್ತಾ ಅವರ ಮುಂದೆ ನಿಂತಾಗ ಅವರು ನನ್ನ ಮುಖ ನೋಡಲಿಲ್ಲ, ಒದ್ದೆ ಮರಳು ಮೆತ್ತಿದ್ದ ಕಾಲುಗಳನ್ನೇ ನೋಡುತ್ತಿದ್ದರು.

“ಮರಳು ತಣ್ಣಗಿದೆಯಾ?” ಎಂದು ಕೇಳಿದರು.

“ತಣ್ಣಗಿದೆ ಉಮ್ಮಾ. ನೀರು ಹೋದ ಜಾಗದಲ್ಲಿ ಸಣ್ಣ ಸಣ್ಣ ಅಲೆಯ ಗೆರೆಗಳಿವೆ, ಅಂಗಾಲಿಗೆ ತಾಗುತ್ತವೆ. ದೋಣಿಯ ಹತ್ತಿರ ಚಿಪ್ಪುಗಳಿವೆ, ಅಲ್ಲಿ ಸ್ವಲ್ಪ ಚುಚ್ಚುತ್ತದೆ.”

“ಚುಚ್ಚಿದ್ದು ಗೊತ್ತಾಗುತ್ತದಲ್ಲ?”

“ಗೊತ್ತಾಗುತ್ತದೆ.”

“ಅಲ್‌ಹಮ್ದುಲಿಲ್ಲಾಹ್” ಎಂದರು ಉಮ್ಮ. ಶಾಲಿನ ಅಂಚಿನಿಂದ ನನ್ನ ಪಾದದ ಮರಳು ಒರೆಸಲು ಬಗ್ಗಿದರು.